ಗುಬ್ಬಿಯ ರಂಗಮ್ಮ ಕೇಳಿದ್ದು

ಮಾರ್ಚ್ 2, 2003, ಭಾನುವಾರ

ಇವತ್ತು ಹೊಸ ಪಾದ್ರಿಯಾಗಿ ಬಂದಿರುವ ಆ ಹುಡುಗಿ ಮೊದಲ ಸಲ ಪ್ರಭುಭೋಜನ ನಡೆಸಿದಳು. ರೊಟ್ಟಿ ಮುರಿದಳು, ಪಾತ್ರೆ ಎತ್ತಿದಳು. ಎತ್ತುವಾಗ ಕೈ ನಡುಗಲಿಲ್ಲ. ನಡುಗಲಿ ಅಂತ ನಾನು ಕಾಯುತ್ತಿದ್ದೆ, ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಪಾತ್ರೆಯೊಳಗಿನ ರಸ ನಾನು ಮಾಡಿದ್ದು. ಶುಕ್ರವಾರ ಕಪ್ಪು ಒಣದ್ರಾಕ್ಷಿ ತೊಳೆದು ನೆನೆಹಾಕಿ, ಶನಿವಾರ ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡುವುದು. ತಿಂಗಳ ಮೊದಲ ಭಾನುವಾರಕ್ಕೆ ತುಮಕೂರಿನ ನಮ್ಮ ಬಟವಾಡಿ ಚರ್ಚ್ ಸಭೆಯಲ್ಲಿ ಇದು ಯಾವ ಕಾಲದಿಂದಲೋ ನನ್ನ ಕೆಲಸ. ಎಷ್ಟು ಜನ ಪಾದ್ರಿ ಅಯ್ಯನವರು ಬಂದರು, ವರ್ಗವಾಗಿ ಹೋದರು, ದ್ರಾಕ್ಷಿ ನೆನೆಹಾಕುವವಳು ಮಾತ್ರ ನಾನೇ. ಆ ಪಾತ್ರೆಯನ್ನು ಎಲ್ಲರ ಮುಂದೆ ಎತ್ತುವ ಭಾಗ್ಯ ಹೆಂಗಸರಿಗಿಲ್ಲ ಅಂದರು. ಸರಿ ಅಂದುಕೊಂಡು ಬೈಬಲ್ ಸ್ತ್ರೀ ಆಗಿ ಬಸ್ಸು ಹತ್ತಿ ಇಳಿದು, ಮನೆಮನೆ ತಿರುಗಿ, ಓದಿ ಹೇಳಿ, ಪ್ರಾರ್ಥನೆ ಮಾಡಿಕೊಂಡು ಬಂದೆ. ಈಗ ಹೆಂಗಸರಿಗೂ ಪಾದ್ರಿ ದೀಕ್ಷೆ ಕೊಡುತ್ತಾರಂತೆ. ನನಗೆ ಐವತ್ತೆಂಟಾದ ಮೇಲೆ!

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಒಂದು ದೊಡ್ಡ ಚರ್ಚೆ. ಇವಳನ್ನು ಏನಂತ ಕರೆಯುವುದು? ಅಯ್ನೋರಮ್ಮ ಅಂದರೆ ಅಯ್ಯನವರ ಹೆಂಡತಿ. ಇವಳಿಗೆ ಮದುವೆಯೇ ಆಗಿಲ್ಲ. ಕೊನೆಗೆ ಸೆಕ್ರೆಟರಿ, "ಅಯ್ನೋರು ಅಂದ್ರೆ ಅಯ್ನೋರೇ ಕಣ್ರೀ, ಅದ್ರಲ್ಲಿ ಗಂಡು ಹೆಣ್ಣು ಏನ್ ಬಂತು?" ಅಂತ ತೀರ್ಪು ಕೊಟ್ಟರು. ಎಲ್ಲರೂ ಅಯ್ನೋರೇ ಅಯ್ನೋರೇ ಅಂತ ಕೈಕುಲುಕಿದ್ದೇ ಕುಲುಕಿದ್ದು. ನನ್ನ ಬಾಯಲ್ಲಿ ಅದು ಬರುವುದಿಲ್ಲ. ಶಾಂತಲಾ ಅಂತ ಹೆಸರಿದೆ, ಹುಲಿಯೂರುದುರ್ಗದ ಮೇಷ್ಟ್ರು ನರಸಿಂಹಯ್ಯನವರ ಮಗಳು. ಅಷ್ಟು ಸಾಕು.

ಮತ್ತೆ, ಗಂಡಸರ ಥರ ದೊಡ್ಡ ವಾಚು ಕಟ್ಟುತ್ತಾಳೆ. ಪ್ರಸಂಗದ ಮಧ್ಯೆ ಅದನ್ನು ನೋಡುತ್ತಾಳೆ. ನನ್ನದೂ ಗಂಡಸರ ವಾಚೇ. ಆದರೆ ಅದು ನಮ್ಮ ಯಜಮಾನರದ್ದು, ಇವರು ತೀರಿಕೊಂಡ ದಿನದಿಂದ ನನ್ನ ಕೈಯಲ್ಲಿದೆ. ಅದು ಬೇರೆ ಮಾತು.

ಮಾರ್ಚ್ 5, ಬೂದಿ ಬುಧವಾರ

ಲೆಂಟ್, ನಲವತ್ತು ದಿನದ ಉಪವಾಸ ಕಾಲ, ಶುರುವಾಯಿತು. ಕಾಫಿ ಬಿಟ್ಟಿದ್ದೇನೆ, ಈಸ್ಟರ್ ತನಕ.

"ಬರೀ ತಿನ್ನೋದು ಕುಡಿಯೋದು ಬಿಟ್ರೆ ಸಾಲ್ದು, ಮನಸ್ಸಲ್ಲಿ ಬಿಗಿಯಾಗಿ ಹಿಡ್ಕೊಂಡಿರೋದನ್ನೂ ಬಿಡ್ಬೇಕು" ಅಂತ ಅವಳ ಪ್ರಸಂಗ. ಕಾಲೇಜಿನಲ್ಲಿ ಕಲಿತ ಮಾತು. ಒಂದು ದಿನ ಕಾಫಿ ಬಿಟ್ಟು ನೋಡಲಿ, ಆಮೇಲೆ ಹೇಳಲಿ. ಮಧ್ಯಾಹ್ನದಿಂದ ತಲೆ ಸಿಡಿದು ಹೋಗುತ್ತಿದೆ.

ಮಾರ್ಚ್ 8, ಶನಿವಾರ

ಗುಬ್ಬಿಗೆ ಹೋಗಿದ್ದೆ. ಶನಿವಾರ ಅಂದರೆ ರಂಗಮ್ಮ.

ಅವಳು ಅರವತ್ತು ದಾಟಿದ ಮೇಲೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾದವಳು. ಹೆಸರು ಬದಲಾಯಿಸಿಕೊಳ್ಳಲಿಲ್ಲ. "ದೇವ್ರಿಗೆ ರಂಗಮ್ಮ ಅಂದ್ರೆ ಗೊತ್ತಾಗಾಕಿಲ್ವಾ?" ಅಂದಿದ್ದಳು. ಮಗ ರಂಗನಾಥ್ ಕೆಇಬಿಯಲ್ಲಿ ಕೆಲಸ. ಅವನೂ ಸೊಸೆಯೂ ತಮ್ಮ ದೇವರು ತಮಗೆ, ಅಮ್ಮನ ದೇವರು ಅಮ್ಮನಿಗೆ ಅಂತ ಇದ್ದವರು. ಸೊಂಟ ಮುರಿಯುವ ತನಕ ರಂಗಮ್ಮ ತಿಂಗಳ ಮೊದಲ ಭಾನುವಾರ ಬಸ್ಸಿನಲ್ಲಿ ಬಂದು ಪ್ರಭುಭೋಜನ ತೆಗೆದುಕೊಂಡು ಹೋಗುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಹಿಂದಿನ ಅಯ್ಯನವರು ಒಂದು ಸಲ ಬಿಳೀ ನಿಲುವಂಗಿ ತೊಟ್ಟು ಅವಳ ಮನೆಗೆ ಹೋದರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು, ತಲೆಗೊಂದು ಮಾತಾಡಿತು. ಅವತ್ತೇ ರಂಗನಾಥ್, "ಇನ್ಮೇಲೆ ಆ ಡ್ರೆಸ್ಸು ನಮ್ಮ ಮನೆಗೆ ಬೇಡ, ಬೈಬಲಮ್ಮ ಒಬ್ರು ಬರ್ಲಿ ಸಾಕು" ಅಂದುಬಿಟ್ಟ. ಹಾಗಾಗಿ ನಾನು ಹೋಗುತ್ತೇನೆ, ಓದುತ್ತೇನೆ, ಹಾಡುತ್ತೇನೆ. ಆ ರೊಟ್ಟಿ, ಆ ಪಾತ್ರೆ ಮಾತ್ರ ನಾನು ಕೊಡುವ ಹಾಗಿಲ್ಲ. ಕೊಡು ಅಂತ ಅವಳು ಕೇಳಿದ್ದಳು ಹಿಂದೆ. "ನನಗೆ ಆ ಅಧಿಕಾರ ಇಲ್ಲ ರಂಗಮ್ಮ" ಅಂದಿದ್ದೆ.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಳಗೆ ಹೋದ ಕೂಡಲೇ ನನ್ನ ಮಣಿಕಟ್ಟು ತಡವಿ, ವಾಚು ಸಿಕ್ಕಿದರೆ, "ಬಂದ್ಯಾ ಬೈಬಲಮ್ಮ" ಅನ್ನುತ್ತಾಳೆ. ಅಷ್ಟೇ ಉಪಚಾರ. ಇಷ್ಟು ವರ್ಷದಲ್ಲಿ ಒಂದು ಒಳ್ಳೆ ಮಾತು ಆಡಿದವಳಲ್ಲ. ತಡವಾದರೆ ಬೈಯುತ್ತಾಳೆ, ಹಾಡು ತಪ್ಪಿದರೆ ಬೈಯುತ್ತಾಳೆ.

ಇವತ್ತು ನನ್ನ ಬಾಯಿ ಸುಮ್ಮನಿರಲಿಲ್ಲ. ಹೊಸಬಳ ಮೇಲಿನ ಸಿಟ್ಟನ್ನೆಲ್ಲ ಅವಳ ಮುಂದೆ ಕಾರಿದೆ. ನೋಡು ರಂಗಮ್ಮ, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ಊರಲ್ಲಿ ಓಡಾಡುವಾಗ ನಿಲುವಂಗಿಯೂ ಇಲ್ಲ, ನಮ್ಮ ನಿಮ್ಮ ಹಾಗೆ ಸೀರೆ ಉಟ್ಟುಕೊಂಡೇ ತಿರುಗುತ್ತಾಳೆ, ಅಂತ.

ರಂಗಮ್ಮ ತಲೆ ಎತ್ತಿದಳು. "ಸೀರೆ ಉಡ್ತಾಳಾ? ಹಂಗಾರೆ ನಮ್ಮ ರಂಗನಾಥ ಬ್ಯಾಡ ಅನ್ನಾಕಿಲ್ಲ ಕಣೇ! ಯಾರೋ ನಿನ್ ಜತೇಲಿ ಬಂದವ್ಳೆ ಅಂದ್ಕತಾರೆ. ಕರ್ಕೊಂಬಾ ಅವಳ್ನ. ಸಾಯೋಕ್ ಮುಂಚೆ ಒಂದ್ ಸಲ ಅದನ್ನ ಬಾಯಿಗೆ ಹಾಕ್ಕಂಬುಡ್ತೀನಿ."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ನನಗಾಗಿ ಯಾವತ್ತೂ ಅರಳಲಿಲ್ಲ.

ಮಾರ್ಚ್ 9, ಭಾನುವಾರ

ಹೇಳಬೇಕು ಅಂತಲೇ ಹೋಗಿದ್ದೆ. ಅವಳ ಸುತ್ತ ಜನ. ಮುಂದಿನ ವಾರ ಹೇಳಿದರಾಯಿತು.

ಮಾರ್ಚ್ 15, ಶನಿವಾರ

"ಏನಂದ್ಲು ಪಾದ್ರಿ ಮಗಳು?" ಅಂತ ವಾಚು ತಡವುವುದಕ್ಕೂ ಮುಂಚೆ ಕೇಳಿದಳು ರಂಗಮ್ಮ. ಪಾದ್ರಿಯಾದ ಹುಡುಗಿ ಅಂತ ಅವಳ ಅರ್ಥ.

"ಹೊಸದಾಗಿ ಬಂದಿದಾಳಲ್ವಾ, ಪುರುಸೊತ್ತಿಲ್ಲ, ನೋಡೋಣ ಅಂದಿದಾಳೆ" ಅಂದೆ. ಇದೇನು ಪೂರ್ತಿ ಸುಳ್ಳಲ್ಲ. ಅವಳಿಗೆ ಪುರುಸೊತ್ತಿಲ್ಲದಿರುವುದು ನಿಜವೇ.

ಓದಿದ ಭಾಗದ ಕಡೆ ರಂಗಮ್ಮನಿಗೆ ಗಮನವೇ ಇರಲಿಲ್ಲ. ಸೀರೆ ಯಾವ ಬಣ್ಣದ್ದು ಉಡುತ್ತಾಳೆ, ದನಿ ಹೇಗಿದೆ, ಊಟ ಎಲ್ಲಿ ಮಾಡುತ್ತಾಳೆ, ಅವಳದ್ದೇ ವಿಚಾರ. ನಾನು ಮೊಣಕಾಲು ನೋವು ಕಟ್ಟಿಕೊಂಡು ಬಸ್ಸಲ್ಲಿ ನಿಂತುಕೊಂಡು ಬಂದಿದ್ದೆ. ಅದನ್ನು ಕೇಳುವವರಿಲ್ಲ.

ಮಾರ್ಚ್ 19, ಬುಧವಾರ

ಮಹಾರಾಣಿ ಮನೆಗೇ ಬಂದಿದ್ದಳು.

ನೆಲದ ಮೇಲೆ ಚಾಪೆ ಎಳೆದುಕೊಂಡು ಕೂತಳು. ಆಂಟಿ ಆಂಟಿ ಅಂತ ಮಾತು. ನನಗೆ ಆಂಟಿ ಅಂದರೆ ಆಗುವುದಿಲ್ಲ. ಕುಡಿಯಲು ನೀರು ಕೇಳಿದಳು, ಲೋಟ ತಾನೇ ತೊಳೆದಿಟ್ಟಳು. ಇದೆಲ್ಲ ಜನರನ್ನು ಬುಟ್ಟಿಗೆ ಹಾಕಿಕೊಳ್ಳುವ ರೀತಿ.

ಆಮೇಲೆ ನಿಧಾನಕ್ಕೆ ಬಂದ ವಿಷಯಕ್ಕೆ ಬಂದಳು. "ಆಂಟಿ, ಇನ್ಮೇಲೆ ದ್ರಾಕ್ಷಿ ರಸ ಬೆಂಗಳೂರಿಂದ ಬಾಟಲಿ ತರಿಸ್ಬಿಡೋಣ. ಈ ವಯಸ್ಸಲ್ಲಿ ನೀವ್ಯಾಕೆ ಕುದಿಸ್ತಾ ಸೋಸ್ತಾ ಶ್ರಮ ಪಡ್ಬೇಕು?"

ನನ್ನ ಹತ್ತಿರ ಇದ್ದದ್ದೇ ಅದೊಂದು. ಅದನ್ನೂ ನಗುನಗುತ್ತಾ, ನನಗೇ ಉಪಕಾರ ಮಾಡುವ ಹಾಗೆ ಕಿತ್ತುಕೊಂಡಳು. "ನಿಮ್ಮಿಷ್ಟ" ಅಂದೆ. "ಬೇಜಾರಿಲ್ಲ ತಾನೇ?" ಅಂದಳು. "ನನಗ್ಯಾಕೆ ಬೇಜಾರು" ಅಂದೆ.

ಹೊರಡುವಾಗ ಕೇಳಿದಳು: "ಸಭೆಗೆ ಬರಕ್ಕಾಗ್ದೆ ಹಾಸಿಗೆ ಹಿಡಿದಿರೋರು ಯಾರ್ಯಾರಿದಾರೆ ಆಂಟಿ? ಅವ್ರಿಗೆ ಮನೇಲೇ ಪ್ರಭುಭೋಜನ ಕೊಡ್ಬೇಕು. ನಿಮಗೇ ತಾನೇ ಎಲ್ಲಾ ಗೊತ್ತಿರೋದು."

ಬೆಳ್ಳಾವಿಯ ವೆಂಕಟಯ್ಯ ಅಂದೆ. ಕುಣಿಗಲ್‌ನ ಗಂಗಣ್ಣ ಅಂದೆ.

"ಗುಬ್ಬಿ ಕಡೆ?"

"ಯಾರೂ ಇಲ್ಲ" ಅಂದೆ.

ಬರೆದಾದ ಮೇಲೆ ಇದನ್ನು ಹೊಡೆದುಹಾಕೋಣ ಅನ್ನಿಸಿತು. ಇರಲಿ. ಅವಳಿಗೆ ಎಲ್ಲರೂ ಸಿಕ್ಕಿದ್ದಾರೆ, ಇಡೀ ಸಭೆ ಸಿಕ್ಕಿದೆ. ರಂಗಮ್ಮ ಒಬ್ಬಳು ನನಗಿರಲಿ.

ಮಾರ್ಚ್ 23, ಭಾನುವಾರ

ವರ್ಲ್ಡ್ ಕಪ್ ಫೈನಲ್ ಅಂತ ಆರಾಧನೆ ಮುಗಿದ ಕೂಡಲೇ ಗಂಡಸರೆಲ್ಲ ಮಾಯ. ಬಟವಾಡಿಯಲ್ಲಿ ಆಟೋ ಒಂದೂ ಇಲ್ಲ. ಪಕ್ಕದ ಮನೆ ಖುರ್ಷಿದ್ ಪಾಷಾ ಅವರು ವಾಚ್ ರಿಪೇರಿ ಅಂಗಡಿಗೆ ಬೀಗ ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. ಆಟ ಕೈತಪ್ಪುತ್ತಿದೆ ಅಂತ ಗೊತ್ತಾದ ಮೇಲೆ ಅವರ ಹೆಂಡತಿ ಕುಲ್ಸುಂ ಬೀ ಎದ್ದು ನಮ್ಮನೆಗೆ ಬಂದಳು. "ಆ ಗಂಡಸ್ರ ಮುಖ ನೋಡಕ್ಕಾಗ್ತಿಲ್ಲ ದಯಕ್ಕ" ಅಂದಳು.

ಅವಳಿಗೆ ಕಾಫಿ ಮಾಡಿಕೊಟ್ಟೆ. ಅದರ ವಾಸನೆ ಹೊಟ್ಟೆ ಉರಿಸಿತು. ಸುಮ್ಮನಿರಲಾರದೆ ಬಾಟಲಿ ರಸದ ವಿಷಯ ಹೇಳಿಕೊಂಡೆ. ಕುಲ್ಸುಂ ಕೇಳಿ ನಕ್ಕಳು.

"ನಮ್ಮ ತಹಸೀನ್ ಸೊಸೆ ಆಗಿ ಬಂದಾಗ ನಾನೂ ಹಿಂಗೇ ಇದ್ದೆ. ಅವಳು ಬಿರಿಯಾನಿ ಮಾಡಿದ್ರೆ ಉಪ್ಪು ಜಾಸ್ತಿ ಅಂತಿದ್ದೆ. ಉಪ್ಪು ಸರಿಯಾಗೇ ಇರ್ತಿತ್ತು. ಎಲ್ಲಾರೂ ಚಪ್ಪರಿಸ್ಕೊಂಡು ತಿಂತಿದ್ರು, ಅದೇ ನನಗೆ ಆಗ್ತಿರ್ಲಿಲ್ಲ."

"ಇದು ಅಂಥದ್ದಲ್ಲ ಕುಲ್ಸುಂ, ಇದು ದೇವರ ಕೆಲಸ" ಅಂದೆ.

"ಹೌದಾ?" ಅಂದಳು. ಕಾಫಿ ಕುಡಿದು ಎದ್ದಳು.

ಇವಳಿಗೆ ಏನು ಗೊತ್ತಾಗುತ್ತದೆ ನಮ್ಮ ಸಭೆಯ ವಿಷಯ.

ಮಾರ್ಚ್ 24

ಊರಿಗೆ ಊರೇ ಸೂತಕದ ಮುಖ ಹಾಕಿಕೊಂಡಿದೆ. ನನ್ನ ಮುಖ ಯಾರಿಗೂ ವಿಶೇಷ ಅನ್ನಿಸಲಿಲ್ಲ, ಒಳ್ಳೆಯದಾಯಿತು.

ಮಾರ್ಚ್ 29, ಶನಿವಾರ

ಗುಬ್ಬಿಗೆ ಹೋಗಲಿಲ್ಲ. ಕುಣಿಗಲ್‌ಗೆ ಅವಳ ಜೊತೆ ಹೋಗಬೇಕಾಯಿತು, ಗಂಗಣ್ಣನವರಿಗೆ ಪ್ರಭುಭೋಜನ ಕೊಡಲು. ಮನೆ ತೋರಿಸುವುದಕ್ಕೆ ನಾನು ಬೇಕಲ್ಲ.

ಗಂಗಣ್ಣನವರಿಗೆ ಲಕ್ವ ಹೊಡೆದು ಬಾಯಿ ಒಂದು ಕಡೆ ಎಳೆದಿದೆ. ಕೊಟ್ಟ ರಸ ಹಾಗೇ ಕುತ್ತಿಗೆಗೆ ಇಳಿದು ಬಂತು. ಮನೆಯವರು ನಾಚಿಕೆಯಿಂದ ಬಟ್ಟೆ ಹುಡುಕುತ್ತಿದ್ದರು. ಅವಳು ತನ್ನ ಸೆರಗಿನಲ್ಲೇ ಒರೆಸಿ, "ಅವಸರ ಇಲ್ಲ ತಾತ" ಅಂತ ಮತ್ತೊಂದು ಚಮಚ ಕೊಟ್ಟಳು. ಅದೂ ಹೊರಗೇ ಇಳಿಯಿತು. ಮತ್ತೊಂದು ಕೊಟ್ಟಳು. ಮೂರನೆಯದು ಒಳಗೆ ಹೋಯಿತು. ಗಂಗಣ್ಣ ಅತ್ತರು, ಅವರ ಹೆಂಡತಿ ಅತ್ತರು.

ನಾನು ಬಾಗಿಲ ಹತ್ತಿರ ಅವಳ ಚಪ್ಪಲಿ, ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ. ಚೆನ್ನಾಗಿ ಮಾಡಿದಳು. ಕೆಟ್ಟದಾಗಿ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಸೆರಗಿನ ಕಲೆ ಉಜ್ಜುತ್ತಾ ಕೂತಿದ್ದಳು. ಆಮೇಲೆ, "ಆಂಟಿ, ಸಾಯೋ ಹಾಗಿರೋರ ಹತ್ರ ಹೋಗೋಕೆ ನನಗೆ ಭಯ. ನಮ್ಮಮ್ಮ ಹೋಗೋವಾಗ ನಾನು ಹತ್ರ ಇರ್ಲಿಲ್ಲ. ನೀವು ಇಷ್ಟು ವರ್ಷ ಹೆಂಗೆ ಹೋದ್ರಿ? ಏನ್ ಮಾತಾಡ್ತೀರ ಅವ್ರ ಹತ್ರ?" ಅಂತ ಕೇಳಿದಳು.

ನನಗೆ ಗೊತ್ತು. ಮಾತಾಡಬಾರದು, ಪಾದ ಒತ್ತುತ್ತಾ ಕೂರಬೇಕು. ಪಾದ ಬೆಚ್ಚಗಾದರೆ ಭಯ ಅರ್ಧ ಇಳಿಯುತ್ತದೆ, ಅವರದ್ದೂ ನಮ್ಮದೂ. ಹೇಳಲಿಲ್ಲ. "ಅಭ್ಯಾಸ ಆಗುತ್ತೆ" ಅಂದುಬಿಟ್ಟೆ.

ಏಪ್ರಿಲ್ 6, ಭಾನುವಾರ

ಬಾಟಲಿ ರಸ. ಎಲ್ಲರೂ ಚೆನ್ನಾಗಿದೆ ಅಂದರು. ಗಾಯನದವರಲ್ಲಿ ಒಬ್ಬಳು, "ಎಷ್ಟ್ ಕ್ಲಿಯರ್ ಆಗಿದೆ ಅಲ್ವಾ, ಮೊದಲಿನ ಥರ ಚರಟ ಇಲ್ಲ" ಅಂತ ನನ್ನ ಎದುರಿಗೇ ಅಂದಳು. ನಾನು ಮೊಣಕಾಲೂರಿ ತೆಗೆದುಕೊಂಡೆ. ರುಚಿ ಗೊತ್ತಾಗಲಿಲ್ಲ.

ಶುಕ್ರವಾರ ಮಾಡಲು ಕೆಲಸವಿಲ್ಲದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಇದನ್ನು ಯಾರಿಗೆ ಹೇಳಲಿ.

ಇವರ ವಾಚಿನ ಪಟ್ಟಿಯೂ ಕಿತ್ತುಹೋಯಿತು. ಪಾಷಾ ಅವರಿಗೆ ಕೊಟ್ಟಿದ್ದೇನೆ. ಒಳಗಿನ ಮಿಷೀನಿಗೂ ಸರ್ವೀಸ್ ಆಗಬೇಕು, ನಾಲ್ಕೈದು ದಿನ ಬಿಡಿ ಅಂದರು.

ಏಪ್ರಿಲ್ 12, ಶನಿವಾರ

ರಂಗಮ್ಮ ಇಳಿದುಹೋಗಿದ್ದಾಳೆ. ಗಂಜಿ ಎರಡು ಗುಟುಕಿಗೇ ಸಾಕು ಅನ್ನುತ್ತಾಳೆ. ವಾಚು ಇನ್ನೂ ರಿಪೇರಿಯಲ್ಲೇ ಇದೆ, ಬರಿಗೈಯಲ್ಲಿ ಹೋಗಿದ್ದೆ. ಮಣಿಕಟ್ಟು ತಡವಿ, "ಯಾರು?" ಅಂದಳು. ಮಾತಾಡಿದ ಮೇಲೆ ಗುರುತು ಹಿಡಿದಳು.

"ಯಾವತ್ತು ಬತ್ತಾಳಂತೆ?"

ಬಾಟಲಿ ರಸ ನೆನಪಾಯಿತು, ಚರಟದ ಮಾತು ನೆನಪಾಯಿತು. "ಅವಳು ಬರಲ್ಲ ಅಂದ್ಲು ರಂಗಮ್ಮ" ಅಂದೆ.

ಅಂದಾದ ಮೇಲೆ ಅಂದದ್ದು ತಪ್ಪು ಅಂತ ಗೊತ್ತಾಯಿತು. ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ.

ಬೈಯುತ್ತಾಳೆ ಅಂತ ಕಾದೆ. "ಕೇಳೋಕೋಗಿ ಬೈಸ್ಕಂಡ್ಯಾ? ಪಾಪ. ನನ್ ದೆಸೆಯಿಂದ ನೀನ್ಯಾಕೆ ಮಾತು ಕೇಳ್ಬೇಕು, ಬುಡು" ಅಂದಳು. ಗೋಡೆ ಕಡೆ ತಿರುಗಿಕೊಂಡಳು.

ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 13, ಗರಿಗಳ ಭಾನುವಾರ

ಹೋದೆ. ಗರಿ ಹಿಡಿದೆ. ಬಂದೆ.

ಏಪ್ರಿಲ್ 16, ಬುಧವಾರ

ರಂಗನಾಥ್ ಪಾಷಾ ಅವರ ಅಂಗಡಿಗೆ ಫೋನ್ ಮಾಡಿದ್ದ. ಅಮ್ಮ ನೀರೂ ನುಂಗುತ್ತಿಲ್ಲ, ಡಾಕ್ಟರು ಕೈಬಿಟ್ಟರು, ಬೈಬಲಮ್ಮನಿಗೆ ಹೇಳಿ ಅಂದನಂತೆ.

ಒಣದ್ರಾಕ್ಷಿ ತಂದು ನೆನೆಹಾಕಿದ್ದೇನೆ. ನಾಳೆ ಬೆಳಗ್ಗೆ ಕುದಿಸಿ ತೆಗೆದುಕೊಂಡು ಹೋಗುತ್ತೇನೆ. ಯಾರೂ ಬೇಡ, ನಾನೇ ಕೊಡುತ್ತೇನೆ. ಅಧಿಕಾರ ಇಲ್ಲ ಅಂತ ಎಷ್ಟು ದಿನ ಹೇಳಿಕೊಂಡು ತಿರುಗಲಿ? ರಂಗಮ್ಮನ ಹತ್ತಿರ ಹೋಗಿ ಕೂತವಳು ನಾನು. ಆ ಹುಡುಗಿಯ ಹತ್ತಿರ ಕಾಗದದ ದೀಕ್ಷೆ ಇರಬಹುದು.

ಏಪ್ರಿಲ್ 19, ಶನಿವಾರ

ಎರಡು ದಿನ ಬರೆಯಲು ಆಗಲಿಲ್ಲ.

ಗುರುವಾರ ಬೆಳಗ್ಗೆ ರಸ ಕುದಿಸಿ ಸೋಸಿ, ಔಷಧಿಯ ಖಾಲಿ ಬಾಟಲಿಯೊಂದನ್ನು ತೊಳೆದು ತುಂಬಿಕೊಂಡೆ. ಬ್ರೆಡ್ಡಿನ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಪಾತ್ರೆ ಎತ್ತುವಾಗ ಹೇಳುವ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿ ನೋಡಿದೆ. ಒಂದಕ್ಷರ ತಪ್ಪಲಿಲ್ಲ. ನಾನೂ ನಡೆಸಬಲ್ಲೆ ಅಂತ ಹೆಮ್ಮೆಯೇ ಆಯಿತು.

ರಂಗಮ್ಮ ಚಾಪೆಯಲ್ಲಿ ಒಂದು ಹಿಡಿ ಆಗಿಹೋಗಿದ್ದಳು. ಪಕ್ಕದಲ್ಲಿ ಕೂತೆ. ಮಾತಾಡಿಸದೆ ಹೊದಿಕೆ ಸರಿಮಾಡಿದೆ. ಅವಳ ಕೈ ಮೆಲ್ಲಗೆ ಹುಡುಕಿಕೊಂಡು ಬಂದು ನನ್ನ ಮಣಿಕಟ್ಟು ತಡವಿತು. ವಾಚು ಪಾಷಾ ಅವರ ಅಂಗಡಿಯಲ್ಲೇ ಇತ್ತು.

"ಬೈಬಲಮ್ಮ ಅಲ್ಲ... ಯಾರು? ಪಾದ್ರಿ ಮಗಳಾ? ಬಂದ್ಯಾ ನನ್ನವ್ವ?"

ಅಲ್ಲ ಅನ್ನಬೇಕಿತ್ತು.

"ಬರಾಕಿಲ್ಲ ಅಂದ್ಯಂತೆ. ಆದ್ರೂ ನನಗೆ ಗೊತ್ತಿತ್ತು, ಅವಳು ಬುಡಾಕಿಲ್ಲ. ನಿನ್ ಕಾಲ್ ಹಿಡ್ಕಂಡಾದ್ರೂ ಕರ್ಕೊಂಬತ್ತಾಳೆ ಅಂತ ಗೊತ್ತಿತ್ತು. ನಮ್ಮ ಬೈಬಲಮ್ಮ ಹೇಳಿದ್ ಕೆಲಸ ಬುಟ್ಟೋಳಲ್ಲ."

ಬಾಟಲಿ ಮಡಿಲಲ್ಲಿ ಬ್ಯಾಗಿನೊಳಗಿತ್ತು. ನನ್ನ ಕೈ ಬ್ಯಾಗಿನ ಒಳಗೆ ಹೋಗಲಿಲ್ಲ. ಈ ಕ್ಷಣಕ್ಕೆ ಅಂತಲೇ ಎಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದೆ. ಅವಳೇ ನನ್ನನ್ನು ಪಾದ್ರಿ ಅನ್ನುತ್ತಿದ್ದಾಳೆ, ಬಾಯಿ ತೆರೆದು ಕಾಯುತ್ತಿದ್ದಾಳೆ, ತಡೆಯುವವರು ಯಾರೂ ಇಲ್ಲ. ಆಗಲಿಲ್ಲ. ಎದ್ದು ಹೊರಗೆ ಬಂದೆ.

ಜಗಲಿಯಲ್ಲಿ ರಂಗನಾಥ್ ಇದ್ದ. ಹೊಸ ಪಾದ್ರಿ ಹೆಂಗಸು, ನಿಲುವಂಗಿ ಇಲ್ಲದೆ ಸೀರೆಯಲ್ಲೇ ಬರುತ್ತಾರೆ, ಕರೆಸಲಾ ಅಂತ ಕೇಳಿದೆ.

"ಅಮ್ಮ ತಿಂಗಳಿಂದ ಗೊಣಗ್ತಾ ಇದ್ದಿದ್ದು ಅದಕ್ಕಾ?" ಅಂದ. "ಮೊದ್ಲೇ ಹೇಳೋದಲ್ವಾ ಬೈಬಲಮ್ಮ? ನಾನೇ ಗಾಡೀಲಿ ಹೋಗಿ ಕರ್ಕೊಂಡು ಬರ್ತಿದ್ದೆ."

ನೆಟ್ಟಗೆ ಎಸ್‌ಟಿಡಿ ಬೂತಿಗೆ ಹೋದೆ. ಶಾಂತಲಾ ಫೋನ್ ಎತ್ತಿಕೊಂಡಳು. ಅವತ್ತು ಸಂಜೆ ಪವಿತ್ರ ಗುರುವಾರದ ಆರಾಧನೆ, ಅದರ ತಯಾರಿಯಲ್ಲಿದ್ದಳು. ನಾನು ಒಂದೇ ಉಸಿರಿಗೆ ಹೇಳಿದೆ. ಗುಬ್ಬಿಯಲ್ಲಿ ಒಬ್ಬರಿದ್ದಾರೆ, ರಂಗಮ್ಮ ಅಂತ, ಲೆಂಟಿನ ಮೊದಲ ವಾರದಿಂದ ನಿಮ್ಮನ್ನು ಕೇಳುತ್ತಿದ್ದಾರೆ, ಯಾರೂ ಇಲ್ಲ ಅಂತ ನಿಮಗೆ ಹೇಳಿದೆ, ನೀವು ಬರಲ್ಲ ಅಂತ ಅವರಿಗೆ ಹೇಳಿದೆ, ಈಗ ಹೊತ್ತಿಲ್ಲ.

ಬೈದು ಫೋನ್ ಇಡುತ್ತಾಳೆ ಅಂದುಕೊಂಡೆ.

"ಯಾವ ಬಸ್ ಹತ್ಲಿ ಆಂಟಿ?" ಅಂದಳು.

ನೀಲಿ ಕಾಟನ್ ಸೀರೆಯಲ್ಲಿ, ಜಡೆ ಅರ್ಧ ಬಿಚ್ಚಿಕೊಂಡು, ಬಸ್ ಸ್ಟ್ಯಾಂಡಿನಿಂದ ಓಡುತ್ತಲೇ ಬಂದಿದ್ದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಅವಳ ಭಯ ನನಗೆ ಗೊತ್ತಿತ್ತಲ್ಲ. "ಪಾದ ಒತ್ತಿ, ಮಾತಾಡ್ಬೇಡಿ" ಅಂತ ಕಿವಿಯಲ್ಲಿ ಹೇಳಿದೆ. ಹೋಗಿ ಪಾದದ ಹತ್ತಿರ ಕೂತು ಒತ್ತಿದಳು. ರಂಗಮ್ಮ ಕೈ ಚಾಚಿದಳು. ಶಾಂತಲಾ ಕೈ ಕೊಟ್ಟಳು. ಆ ಬೆರಳುಗಳು ತಡವುತ್ತಾ ಹೋಗಿ ಅವಳ ದೊಡ್ಡ ವಾಚಿನ ಮೇಲೆ ನಿಂತವು.

"ಬೈಬಲಮ್ಮ" ಅಂದಳು ರಂಗಮ್ಮ. "ನೀನೂ ಇಲ್ಲೇ ಇದೀಯಾ? ನಿನಗೊಂದ್ ಮಾತು ಹೇಳ್ಬೇಕು ಕಣೇ. ಮಳೆ ಅನ್ನಲಿಲ್ಲ ಬಿಸ್ಲು ಅನ್ನಲಿಲ್ಲ, ಬಂದೆ ನೀನು. ಹೊಟ್ಟೇಲ್ ಹುಟ್ಟಿದ್ ಮಗಳೂ ಹಂಗೆ ಬರಾಕಿಲ್ಲ. ನಾನು ಬರೀ ಬೈದೆ. ನೀನು ಬಾರದಿದ್ ಶನಿವಾರ ನನಗೆ ಅನ್ನ ಇಳೀತಿರ್ಲಿಲ್ಲ. ನಿನ್ ಹೊಟ್ಟೆ ತಣ್ಣಗಿರ್ಲಿ."

ಇಷ್ಟು ವರ್ಷ ನಾನು ಕಾದಿದ್ದ ಮಾತು. ಶಾಂತಲಾಳ ಕೈ ಹಿಡಿದುಕೊಂಡು ಅವಳಿಗೆ ಹೇಳಿದಳು.

ಶಾಂತಲಾ ನನ್ನ ಮುಖ ನೋಡಿದಳು, ಅಲ್ಲ ಅಂತ ಹೇಳಲು ಬಾಯಿ ತೆರೆದಳು. ನಾನು ಬೇಡ ಅಂತ ತಲೆ ಆಡಿಸಿದೆ. ಸಾಯುವ ಜೀವಕ್ಕೆ ಗೊಂದಲ ಯಾಕೆ.

ಆಮೇಲೆ ಶಾಂತಲಾ ಚೀಲ ಬಿಚ್ಚಿದಳು. ಸಣ್ಣ ಪಾತ್ರೆ ಇತ್ತು, ರೊಟ್ಟಿ ಇತ್ತು. ಓಡಿಬರುವ ಗಡಿಬಿಡಿಯಲ್ಲಿ ರಸದ ಬಾಟಲಿ ಬಿಟ್ಟು ಬಂದಿದ್ದಳು. ಬೆವರಿಬಿಟ್ಟಳು. ನಾನು ಬ್ಯಾಗಿನಿಂದ ಔಷಧಿ ಬಾಟಲಿ ತೆಗೆದುಕೊಟ್ಟೆ. ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಯಾಕೆ ತಂದಿದ್ದೆ ಅಂತ ಅವಳಿಗೆ ತಿಳಿಯಿತು. "ನೀವೇ ಮಾಡಿದ್ದಾ ಆಂಟಿ? ಒಳ್ಳೇದಾಯ್ತು" ಅಂದಳು, ಅಷ್ಟೇ.

ಪಾತ್ರೆ ಎತ್ತುವಾಗ ಅವಳ ಕೈ ನಡುಗಿತು. ಚೆಲ್ಲುತ್ತದೆ ಅಂತ ನಾನು ಕೆಳಗೆ ಕೈ ಕೊಟ್ಟೆ.

ರೊಟ್ಟಿಯ ಚೂರನ್ನು ರಸದಲ್ಲಿ ಅದ್ದಿ ತುಟಿಯ ಹತ್ತಿರ ಹಿಡಿದರೆ ರಂಗಮ್ಮ ಬಾಯಿ ಬಿಗಿಮಾಡಿಕೊಂಡಳು. ವಾಚಿನ ಕೈಯನ್ನು ಮೆಲ್ಲಗೆ ದೂಡಿದಳು. "ನೀನ್ ಬ್ಯಾಡ ಬೈಬಲಮ್ಮ. ನಿನಗೆ ಅಧಿಕಾರ ಇಲ್ಲ ಅಂತ ನೀನೇ ಹೇಳಿದ್ಯಲ್ಲ. ಪಾದ್ರಿ ಮಗಳು ಕೊಡ್ಲಿ."

ಶಾಂತಲಾ ಸರಿದು ನನಗೆ ಜಾಗ ಬಿಟ್ಟಳು. ಅದ್ದಿದ ಚೂರನ್ನು ನನ್ನ ಬೆರಳಿಗೆ ಕೊಟ್ಟಳು. "ಕೊಡಿ ಆಂಟಿ" ಅಂದಳು.

ನಾನು ಕೊಟ್ಟೆ. ರಂಗಮ್ಮ ಬಾಯಿ ತೆರೆದಳು, ನುಂಗಿದಳು. ಕೆನ್ನೆಗೆ ಇಳಿದ ಒಂದು ಹನಿಯನ್ನು ಶಾಂತಲಾ ಸೆರಗಿನಲ್ಲಿ ಒರೆಸಿದಳು.

ಸೊಸೆ ಇಬ್ಬರಿಗೂ ಕಾಫಿ ತಂದುಕೊಟ್ಟಳು. ಕುಡಿದೆವು. ಲೆಂಟ್ ಮುಗಿದಿಲ್ಲ ಅಂತ ಲೋಟ ಕೆಳಗಿಟ್ಟ ಮೇಲೆ ನೆನಪಾಯಿತು. ಸಂಜೆಯ ಆರಾಧನೆಗೆ ಶಾಂತಲಾ ಅವರನ್ನು ರಂಗನಾಥ್ ಗಾಡಿಯಲ್ಲಿ ಕೂರಿಸಿಕೊಂಡು ತುಮಕೂರಿಗೆ ಬಿಟ್ಟು ಬಂದ. ನಾನು ಉಳಿದೆ.

ಶುಕ್ರವಾರ ಬೆಳಗ್ಗೆ ರಂಗಮ್ಮ ಹೋದಳು. ಪಾದ ನನ್ನ ಕೈಯಲ್ಲೇ ಇತ್ತು. ರಂಗನಾಥ್ ತಮ್ಮ ಮನೆಯ ಪದ್ಧತಿಯಂತೆ ಎಲ್ಲ ಮಾಡಿದ. ಶಾಂತಲಾ ಅಯ್ಯನವರು ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆ ಮುಗಿಸಿ, ಊಟವನ್ನೂ ಮಾಡದೆ ಗುಬ್ಬಿಗೆ ಬಂದರು. ಜನರ ಹಿಂದೆ ನಾವಿಬ್ಬರೂ ಸುಮ್ಮನೆ ನಿಂತಿದ್ದೆವು. ಯಾರೂ ಏನೂ ಕೇಳಲಿಲ್ಲ.

ಏಪ್ರಿಲ್ 20, ಈಸ್ಟರ್

ಬೆಳಗಿನ ಆರಾಧನೆಗೆ ಜನವೋ ಜನ. ಚೆನ್ನಾಗಿ ನಡೆಯಿತು. ಪ್ರಸಂಗ ಸ್ವಲ್ಪ ಉದ್ದ.

ಮನೆಗೆ ಬರುವಾಗ ಪಾಷಾ ಅವರು ಕರೆದು ವಾಚು ಕೊಟ್ಟರು. ಹೊಸ ಪಟ್ಟಿ ಹಾಕಿದ್ದಾರೆ. ಕುಲ್ಸುಂ ಒಳಗಿಂದ ಬಂದು, "ಆ ಅಜ್ಜಿ ಕೊನೇಲಿ ನಿಮ್ಮನ್ನ ಗುರ್ತು ಹಿಡಿದ್ರಾ ದಯಕ್ಕ?" ಅಂತ ಕೇಳಿದಳು. "ಇಲ್ಲ" ಅಂದೆ. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ಒಂದು ವಿಷಯ ಬರೆಯುವುದು ಬಿಟ್ಟಿದ್ದೆ. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಗುಬ್ಬಿಯ ಸುಳ್ಳಿಗಾಗಿ ಕ್ಷಮೆ ಕೇಳಲು ಒಳಗೆ ಹೋಗಿದ್ದೆ. ಶಾಂತಲಾ ನಿಲುವಂಗಿ ಮಡಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಮೇ ತಿಂಗಳಿಗೆ ದ್ರಾಕ್ಷಿ ನೀವೇ ನೆನೆಹಾಕಿ ಆಂಟಿ, ಬಾಟಲಿದು ಬರೀ ಸಿಹಿ" ಅಂದರು. ಆಮೇಲೆ ಕಣ್ಣು ತುಂಬಿಕೊಂಡು, "ರಂಗಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ದೆಲ್ಲ ನಿಮ್ಮದು. ನನ್ನ ಹತ್ರ ಉಳ್ಕೊಂಡಿದೆ. ಹೆಂಗೆ ವಾಪಸ್ ಕೊಡ್ಲಿ?" ಅಂದರು.

"ನಿಮ್ಮ ಹತ್ರಾನೇ ಇರ್ಲಿ ಬಿಡಿ ಅಯ್ನೋರೆ" ಅಂದೆ.

ಮನೆಗೆ ಬಂದು ಕಾಫಿ ಮಾಡಿಕೊಂಡೆ. ಮುಂದಿನ ವಾರ ಬೆಳ್ಳಾವಿಯ ವೆಂಕಟಯ್ಯನವರ ಮನೆಗೆ ಹೋಗಬೇಕು, ಇಬ್ಬರೂ.